ಹಸಿರು ಚುಕ್ಕೆಯೊಳಗಿನ ಹಾಲು

ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಕೋಡುಬಳೆ ಕೊಳ್ಳುವಾಗ ಕೇಳುವ ಮಾತೊಂದಿದೆ: ‘ಹಿಟ್ಟಿಗೆ ಬೆಣ್ಣೆ ಹಾಕಿದ್ದೋ, ಕಾದ ಎಣ್ಣೆಯೋ?’ ಎರಡರಿಂದಲೂ ಗರಿಗರಿಯಾಗುತ್ತದೆ. ಕರಿದವರೇ ಎದುರಿಗಿದ್ದರೆ ಉತ್ತರ ಅಲ್ಲೇ ಸಿಗುತ್ತದೆ. ತಿಂಡಿ ಕಾರ್ಖಾನೆ ಸೇರಿ ಪೊಟ್ಟಣವಾದ ಮೇಲೆ ಕೇಳುವುದಾದರೂ ಯಾರನ್ನು?

1983ರಲ್ಲಿ ವನಸ್ಪತಿಗೆ ದನದ ಕೊಬ್ಬು ಬೆರೆಸಿದ್ದು ಬಯಲಾದಾಗ ದೇಶವೇ ಬೆಚ್ಚಿತ್ತು. ಪೊಟ್ಟಣ ತಾನಾಗಿ ಮಾತಾಡಬೇಕೆಂಬ ನಿಯಮ ಬಂದದ್ದು ಎಷ್ಟೋ ವರ್ಷಗಳ ನಂತರ. 2000ದಲ್ಲಿ ಮಾಂಸಾಹಾರಕ್ಕೆ ಕಂದು ಚುಕ್ಕೆ, 2001ರಲ್ಲಿ ಸಸ್ಯಾಹಾರಕ್ಕೆ ಹಸಿರು ಚುಕ್ಕೆ. ಅಕ್ಷರ ಬಾರದವರಿಗೂ ತಿಳಿಯುವ ಈ ಗುರುತು ನಿಜಕ್ಕೂ ದೊಡ್ಡ ಉಪಕಾರ.

ಆದರೆ ಆ ಹಸಿರು ನಮ್ಮ ಅಡುಗೆಮನೆಯ ಹಸಿರು. ಮೊಟ್ಟೆ ಕಂದಿನ ಕಡೆ ಹೋಯಿತು. ಹಾಲು, ತುಪ್ಪ, ಮೊಸರು ಹಸಿರಿನಲ್ಲೇ ಉಳಿದವು. ಜೇನುತುಪ್ಪ, ಜೇನುಮೇಣ, ಮಿಠಾಯಿಗೆ ಹೊಳಪು ಕೊಡುವ ಅರಗು ಇವುಗಳಿಗೂ 2020ರ ನಿಯಮ ಅದೇ ರಿಯಾಯಿತಿ ಕೊಟ್ಟಿತು. ಮಜ್ಜಿಗೆಯಿಲ್ಲದ ಸಸ್ಯಾಹಾರದ ಊಟ ಇಲ್ಲಿ ಯಾರ ಊಹೆಗೆ ಬಂದೀತು? ಇಂಗ್ಲೆಂಡಿನಲ್ಲಿ ಮಾತ್ರ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು ಹಾಲನ್ನೂ ಬಿಟ್ಟವರಿಗಾಗಿ 1944ರಲ್ಲೇ ‘ವೀಗನ್’ ಎಂಬ ಹೆಸರು ಕಟ್ಟಿ ಸಂಘ ಮಾಡಿಕೊಂಡಿದ್ದರು.

ಹಾಗಾಗಿ ವೀಗನ್ ಆದವರು ಹಸಿರು ಚುಕ್ಕೆ ಕಂಡ ಮೇಲೂ ಪೊಟ್ಟಣ ತಿರುಗಿಸಲೇಬೇಕು. ಬಿಸ್ಕತ್ತಿನಲ್ಲಿ ಹಾಲಿನ ಪುಡಿ, ಕ್ರೀಮ್ ಮತ್ತು ಈರುಳ್ಳಿ ರುಚಿಯ ಚಿಪ್ಸ್‌ನಲ್ಲಿ ಹಾಲೊಡಕಿನ ಪುಡಿ ಇರುವುದುಂಟು. ಅದಕ್ಕಿಂತ ಕಷ್ಟ ಪದಾರ್ಥದ ಹೆಸರಿನ ಬದಲು ಬರೆಯುವ ಬರೀ ಅಂಕಿಗಳದು. ರುಚಿ ಹೆಚ್ಚಿಸುವ 631 ಮೀನು, ಹಂದಿಯಿಂದಲೂ ಬರಬಹುದು, ಸಸ್ಯಮೂಲದ ಪದಾರ್ಥವನ್ನು ಹುದುಗಿಸಿಯೂ ತಯಾರಾಗಬಹುದು. ಅಂಕಿ ಮಾತ್ರ ಒಂದೇ. ಇದೇ 631ರ ಉದಾಹರಣೆ ಮುಂದಿಟ್ಟುಕೊಂಡು ದೆಹಲಿ ಹೈಕೋರ್ಟ್ 2021ರ ಡಿಸೆಂಬರ್‌ನಲ್ಲಿ, ಬರೀ ಅಂಕಿ ಸಾಲದು, ಪದಾರ್ಥದ ಮೂಲ ಸಸ್ಯವೋ, ಪ್ರಾಣಿಯೋ, ಪ್ರಯೋಗಾಲಯವೋ ಎಂಬುದನ್ನೂ ಬರೆಯಬೇಕು ಎಂದಿತು. ತಿನ್ನುವವರಿಗೆ ಇದು ತಿಳಿಯಲೇಬೇಕಾದ ಸಂಗತಿ.

ಮರುವರ್ಷ, 2022ರಲ್ಲಿ, ಆಹಾರ ಸುರಕ್ಷತಾ ಪ್ರಾಧಿಕಾರ ವೀಗನ್ ಆಹಾರಕ್ಕೇ ನಿಯಮಾವಳಿ ಹೊರಡಿಸಿತು. ತಯಾರಿಕೆಯ ಯಾವ ಹಂತದಲ್ಲೂ ಪ್ರಾಣಿಮೂಲದ ವಸ್ತು ಸೋಕಿರಬಾರದು. ಹಸಿರು ‘ವಿ’ ಅಕ್ಷರಕ್ಕೆ ಎಲೆ ಚಿಗುರಿದ ಗುರುತು ಅದಕ್ಕೆ. ಆ ಗುರುತಿಲ್ಲದ ಪೊಟ್ಟಣಗಳೇ ಅಂಗಡಿ ತುಂಬ ಇರುವಾಗ ಕೈಹಿಡಿಯುವುದು ಪದಾರ್ಥಗಳ ಪಟ್ಟಿಯ ಕೆಳಗಿನ ಒಂದು ಸಾಲು: ‘ಹಾಲು ಒಳಗೊಂಡಿದೆ’. ಅಲರ್ಜಿಯವರಿಗಾಗಿ ಕಡ್ಡಾಯವಾದ ಸಾಲು ಅದು. ಅರಗಿನ ಸುಳಿವು ಮಾತ್ರ ಅಲ್ಲಿ ಸಿಗದು. ಅದಕ್ಕೆ 904 ಎಂಬ ಅಂಕಿಯನ್ನೇ ಹುಡುಕಬೇಕು.