ಸ್ತನ ತೆಗೆದ ನಂತರ ಪುನರ್ರಚನೆ: ತೂಕ ಹೆಚ್ಚಿರುವ ಮಹಿಳೆಯರಿಗೆ ಮಾಹಿತಿ

ಕ್ಯಾನ್ಸರ್‌ನಿಂದಾಗಿ ಇಡೀ ಸ್ತನವನ್ನು ತೆಗೆಯುವ ಆಪರೇಷನ್‌ಗೆ ಮ್ಯಾಸ್ಟೆಕ್ಟಮಿ ಎನ್ನುತ್ತಾರೆ. ಆ ಜಾಗಕ್ಕೆ ಮತ್ತೆ ಆಕಾರ ಕೊಡುವುದೇ ಸ್ತನ ಪುನರ್ರಚನೆ. ದಪ್ಪ ಇರುವವರಿಗೆ ಇದು ಸಾಧ್ಯವೇ ಇಲ್ಲ ಎಂಬುದು ತಪ್ಪು. ಆದರೆ ತೊಂದರೆಗಳ ಸಾಧ್ಯತೆ ಹೆಚ್ಚು ಎಂಬುದು ನಿಜ.

ತೂಕದ ಲೆಕ್ಕ
ಮೀಟರ್‌ನಲ್ಲಿರುವ ಎತ್ತರವನ್ನು ಅದರಿಂದಲೇ ಗುಣಿಸಿ, ಬಂದ ಸಂಖ್ಯೆಯಿಂದ ಕಿಲೋ ತೂಕವನ್ನು ಭಾಗಿಸಿದರೆ ಬಿಎಂಐ ಸಿಗುತ್ತದೆ. 1.5 ಮೀಟರ್ ಎತ್ತರ, 68 ಕಿಲೋ ತೂಕದ ಮಹಿಳೆಯ ಬಿಎಂಐ ಸುಮಾರು 30. ಭಾರತೀಯರಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ಪರಿಗಣಿಸುತ್ತಾರೆ.

ಅಪಾಯ ಏಕೆ?
ಕೊಬ್ಬಿನ ಪದರಕ್ಕೆ ರಕ್ತ ಪೂರೈಕೆ ಕಡಿಮೆ. ಹೀಗಾಗಿ ಗಾಯ ಬೇಗ ಮಾಯುವುದಿಲ್ಲ, ಕೀವಾಗಬಹುದು. ತೂಕ ಹೆಚ್ಚಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆಯೂ ಹೆಚ್ಚು. ಸಕ್ಕರೆ ಕಾಯಿಲೆ ಇದ್ದರೆ ಅಪಾಯ ಇನ್ನೂ ಹೆಚ್ಚು. ಹಲ್ಲಿಗೆ ಉಜ್ಜುವ ಮಿಶ್ರಿಯೂ ತಂಬಾಕೇ. ಆಪರೇಷನ್‌ಗೆ ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು.

ವಿಧಾನಗಳು
* ಇಂಪ್ಲಾಂಟ್: ಸಿಲಿಕೋನ್ ಚೀಲ ಇಡುವುದು. ಆಪರೇಷನ್ ಚಿಕ್ಕದು. ಆದರೆ ಬೊಜ್ಜು ಇದ್ದವರಲ್ಲಿ ಸೋಂಕಾಗಿ ಚೀಲವನ್ನು ತೆಗೆಯಬೇಕಾದ ಪ್ರಸಂಗ ಹೆಚ್ಚು. ರೇಡಿಯೇಶನ್ ಪಡೆದವರಿಗೂ ತೊಂದರೆ ಹೆಚ್ಚು.
* ಬೆನ್ನಿನ ಸ್ನಾಯು: ಚರ್ಮ, ಸ್ನಾಯುವನ್ನು ಎದೆಗೆ ತಿರುಗಿಸುವುದು.
* ಹೊಟ್ಟೆಯ ಕೊಬ್ಬು: ಸ್ವಂತ ಅಂಗಾಂಶವಾದ್ದರಿಂದ ಸಹಜವಾಗಿ ಕಾಣುತ್ತದೆ. ಆಪರೇಷನ್ ದೀರ್ಘ, ಹೊಟ್ಟೆಯಲ್ಲಿ ಹರ್ನಿಯಾ ಆಗಬಹುದು. ಹಿಂದೆ ಹೊಟ್ಟೆಯ ಆಪರೇಷನ್ ಆಗಿದ್ದರೆ ವೈದ್ಯರಿಗೆ ತಿಳಿಸಬೇಕು.
* ಆಪರೇಷನ್ ಬೇಡವೆಂದರೆ: ಬ್ರಾ ಒಳಗೆ ಧರಿಸುವ ಸಿಲಿಕೋನ್ ಸ್ತನ. ದೊಡ್ಡ ಸ್ತನದ ಮಹಿಳೆಯರಿಗೆ ಒಂದೇ ಕಡೆ ಭಾರವಾಗಿ ಬರುವ ಕತ್ತು, ಭುಜದ ನೋವನ್ನು ಇದು ಕಡಿಮೆ ಮಾಡಬಲ್ಲದು.

ಯಾವಾಗ?
ಬಿಎಂಐ ತುಂಬಾ ಹೆಚ್ಚಿದ್ದರೆ ಅನೇಕ ಸರ್ಜನ್‌ಗಳು ಪುನರ್ರಚನೆಯನ್ನು ಮುಂದೂಡುತ್ತಾರೆ. ತಿಂಗಳುಗಳು, ವರ್ಷಗಳ ನಂತರವೂ ಇದನ್ನು ಮಾಡಿಸಿಕೊಳ್ಳಬಹುದು. ಆದರೆ ತೂಕ ಇಳಿಸುವ ನೆಪದಲ್ಲಿ ಕ್ಯಾನ್ಸರ್ ಚಿಕಿತ್ಸೆಯನ್ನೇ ಮುಂದೂಡಬಾರದು.

ಎಲ್ಲಿ ವಿಚಾರಿಸಬೇಕು?
ಹುಪರಿ, ಇಚಲಕರಂಜಿ, ಗಡಹಿಂಗ್ಲಜ ಭಾಗದವರು ಕೊಲ್ಹಾಪುರದ ಸಿಪಿಆರ್ ದವಾಖಾನೆಯಲ್ಲಿ ಮೊದಲು ವಿಚಾರಿಸಬಹುದು. ಬೆಳಗಾವಿಯ ಕೆಎಲ್ಇ ಆಸ್ಪತ್ರೆ, ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಗಳಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗಗಳಿವೆ. ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಇದೆ. ಪುನರ್ರಚನೆಯ ಖರ್ಚೂ ಸೇರುತ್ತದೆಯೇ ಎಂದು ರೇಷನ್ ಕಾರ್ಡ್ ತೋರಿಸಿ ಆರೋಗ್ಯಮಿತ್ರರಲ್ಲಿ ಕೇಳಿ. ಸ್ತನ ತೆಗೆಯುವ ದಿನ ಗೊತ್ತಾಗುವ ಮೊದಲೇ ಈ ವಿಷಯವನ್ನು ಸರ್ಜನ್ ಜೊತೆ ಮಾತನಾಡುವುದು ಒಳ್ಳೆಯದು.