ದಾಯಾದಿ ಕಲಹ, ತಪ್ಪಿದ ಮುಹೂರ್ತ

2000ನೆಯ ಇಸವಿಯ ಕೊನೆಯ ಭಾಗವಿರಬೇಕು. ಹತ್ತನೆಯ ತರಗತಿಯಲ್ಲಿ ವಿದ್ಯುತ್ಕಾಂತೀಯ ಅಲೆಗಳ ಪಾಠ ಮಾಡುತ್ತಾ, '2002ರ ಹೊಸ ವರ್ಷಕ್ಕೆ ಯುರೋಪಿನಲ್ಲಿ ಮುಖ ನೋಡಿಕೊಂಡು ಮಾತನಾಡುವ ಮೊಬೈಲ್ ಬರುತ್ತದೆ' ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, 'ಹಾಗಂತ ಹೇಳಿದವರು ಯಾರು ಸಾರ್? ಮಾರುವವರೇ ತಾನೆ?' ಎಂದು ಕೇಳಿದ. ಅಧಿಕಪ್ರಸಂಗವೆಂದು ಗದರಿಸಿ ಕೂರಿಸಿದೆ. ಅಂದು ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಎಲ್ಲಿದ್ದರೂ ಓದುತ್ತಾನೆಂದು ನಂಬಿದ್ದೇನೆ.

ದಿನಾಂಕ ನನ್ನ ಕಲ್ಪನೆಯಲ್ಲ. 2002ರ ಜನವರಿ 1ರೊಳಗೆ ಮೂರನೆಯ ತಲೆಮಾರಿನ ಸೇವೆಗೆ ಸದಸ್ಯ ರಾಷ್ಟ್ರಗಳು ದಾರಿ ಮಾಡಿಕೊಡಬೇಕೆಂದು ಐರೋಪ್ಯ ಒಕ್ಕೂಟ 1998ರ ಡಿಸೆಂಬರಿನಲ್ಲೇ ನಿರ್ಣಯಿಸಿತ್ತು. ಆದರೆ ಯಾವ ಪದ್ಧತಿಯಲ್ಲಿ?

ಯುರೋಪಿನ ಜಿಎಸ್‌ಎಂ ನಾವು ಹಾಜರಿ ಕರೆದಂತೆ. ಒಬ್ಬೊಬ್ಬರಿಗೂ ಕ್ಷಣಮಾತ್ರದ ಸರದಿ. ಅಮೆರಿಕದ ಕ್ವಾಲ್‌ಕಾಮ್ ಬೆಳೆಸಿದ ಸಿಡಿಎಂಎಯಲ್ಲಿ ಎಲ್ಲರೂ ಒಟ್ಟಿಗೇ ಮಾತನಾಡುತ್ತಾರೆ. ಶಾಲೆ ಬಿಟ್ಟ ಗದ್ದಲದಲ್ಲಿ ಗೇಟಿನ ಬಳಿ ನಿಂತ ತಾಯಿ ತನ್ನ ಮಗುವಿನ ದನಿಯನ್ನಷ್ಟೇ ಹೆಕ್ಕಿಕೊಳ್ಳುವುದಿಲ್ಲವೇ? ಹಾಗೆ ಪ್ರತಿ ಕರೆಯೂ ತನ್ನ ಸಂಕೇತದಿಂದ ಗುರುತಾಗುತ್ತದೆ. ವಿನೋದವೆಂದರೆ, 1998ರ ಜನವರಿಯಲ್ಲಿ ಯುರೋಪಿನವರೂ ಹೊಸ ತಲೆಮಾರಿಗೆ ಇದೇ ತತ್ತ್ವವನ್ನು ಒಪ್ಪಿ ಅದನ್ನು ಡಬ್ಲ್ಯೂ-ಸಿಡಿಎಂಎ ಎಂದರು. ಅಮೆರಿಕದವರದು ಸಿಡಿಎಂಎ-2000. ಒಂದೇ ಮನೆತನ, ಎರಡು ಒಲೆ! ಎರಿಕ್ಸನ್ ಮತ್ತು ಕ್ವಾಲ್‌ಕಾಮ್‌ಗಳ ಪೇಟೆಂಟ್ ವ್ಯಾಜ್ಯ 1999ರ ಮಾರ್ಚಿನಲ್ಲಿ ರಾಜಿಯಾಯಿತು; ಒಲೆಗಳು ಮಾತ್ರ ಒಂದಾಗಲಿಲ್ಲ.

ಇಷ್ಟರಲ್ಲಿ ತರಂಗಗುಚ್ಛದ ಹರಾಜು ಬಂತು. 2000ದ ಏಪ್ರಿಲಿನಲ್ಲಿ ಬ್ರಿಟನ್ ಐದು ಪರವಾನಗಿಗಳಿಂದ ಸುಮಾರು 2,250 ಕೋಟಿ ಪೌಂಡ್ ಗಳಿಸಿತು. ಆಗಸ್ಟಿನಲ್ಲಿ ಜರ್ಮನಿ ಸುಮಾರು 5,000 ಕೋಟಿ ಯೂರೋ. ಅಂದರೆ ಮುಹೂರ್ತವಿಟ್ಟ ಸರ್ಕಾರಗಳೂ ಮಾರುವವರೇ ಆಗಿದ್ದವು. ಹುಡುಗನ ಅನುಮಾನ ಅಷ್ಟರಮಟ್ಟಿಗೆ ನಿಜ. ಕಂಪನಿಗಳು ಸಾಲದಲ್ಲಿ ಮುಳುಗಿದವು. ಹೊಸ ಜಾಲದಿಂದ ಹಳೆಯ ಜಾಲಕ್ಕೆ ಕರೆ ತುಂಡಾಗದಂತೆ ದಾಟಬಲ್ಲ ಫೋನುಗಳೇ ಸಿದ್ಧವಿರಲಿಲ್ಲ. ಬ್ರಿಟನ್ನಿನಲ್ಲಿ ಮೊದಲ ಸೇವೆ ಆರಂಭವಾದದ್ದು 2003ರ ಮಾರ್ಚ್ 3ರಂದು. ಜರ್ಮನಿಯಲ್ಲಿ ಪರವಾನಗಿ ಕೊಂಡವರಲ್ಲಿ ಮೊಬಿಲ್‌ಕಾಮ್ ಕಂಪನಿ ಸೇವೆ ಆರಂಭಿಸದೆಯೇ ಅದನ್ನು ಹಿಂದಿರುಗಿಸಿತು.

ಜಪಾನಿನ ಕಥೆ ಇನ್ನೂ ಬೋಧಪ್ರದ. ಡೊಕೊಮೊ ತನ್ನ 'ಫೋಮಾ' ಸೇವೆಯನ್ನು 2001ರ ಮೇ ಕೊನೆಗೆ ಆರಂಭಿಸುವುದಾಗಿ ಸಾರಿತ್ತು. ದಿನ ಹತ್ತಿರವಾದಾಗ ಕೆಲವು ಸಾವಿರ ಜನರಿಗೆ ಪ್ರಾಯೋಗಿಕವಾಗಿ ಕೊಟ್ಟು, ನಿಜವಾದ ಆರಂಭವನ್ನು ಅಕ್ಟೋಬರ್ 1ಕ್ಕೆ ಮುಂದೂಡಿತು. ಜಗತ್ತಿನಲ್ಲಿ ಡಬ್ಲ್ಯೂ-ಸಿಡಿಎಂಎ ಮೊದಲಿಗರೆಂಬ ಕೀರ್ತಿ ಬಂತು, ಗ್ರಾಹಕರು ಬರಲಿಲ್ಲ. ಬ್ಯಾಟರಿ ಬೇಗ ಬರಿದಾಗುತ್ತಿತ್ತು. ಟೋಕಿಯೊ ಸುತ್ತಮುತ್ತಲಿನ ವ್ಯಾಪ್ತಿ ದಾಟಿದರೆ ಫೋನು ಮೂಕ, ಏಕೆಂದರೆ ಅದಕ್ಕೆ ಹಳೆಯ ಜಾಲದ ಭಾಷೆ ತಿಳಿಯದು. ಪ್ರತಿಸ್ಪರ್ಧಿ ಕೆಡಿಡಿಐ 2002ರ ಏಪ್ರಿಲಿನಲ್ಲಿ ಸಿಡಿಎಂಎ-2000 ತಂದಾಗ ಹಳೆಯ ತರಂಗಗುಚ್ಛವನ್ನೇ ಬಳಸಿತು. ಅದರ ಹೊಸ ಫೋನು ಹಳೆಯ ಜಾಲದಲ್ಲೂ ನಡೆಯುತ್ತಿತ್ತು. ಒಂದೇ ವರ್ಷದಲ್ಲಿ ಅದರ ಗ್ರಾಹಕರು ಫೋಮಾದವರಿಗಿಂತ ಹಲವು ಪಟ್ಟು ಹೆಚ್ಚಾದರು.

ಆದರೂ ಕೊನೆಗೆ ಉಳಿದದ್ದು ಅವರ ಒಲೆಯೂ ಅಲ್ಲ. ನಾಲ್ಕನೆಯ ತಲೆಮಾರಿನ ಎಲ್‌ಟಿಇಗೆ ಎರಡೂ ಪಾಳೆಯದವರು ಬಂದು ಸೇರಿದರು. ಕೆಡಿಡಿಐ 2022ರ ಮಾರ್ಚ್ 31ರಂದು ತನ್ನ ಸಿಡಿಎಂಎ ಜಾಲವನ್ನು ಮುಚ್ಚಿತು.

ನಮ್ಮಲ್ಲಿ ಎಂಟಿಎನ್‌ಎಲ್ 3ಜಿಯನ್ನು ದೆಹಲಿಗೆ ತಂದದ್ದು 2008ರ ಡಿಸೆಂಬರಿನಲ್ಲಿ. ಖಾಸಗಿಯವರ ಹರಾಜು 2010ರಲ್ಲಿ 34 ದಿನ ನಡೆಯಿತು. ಅಷ್ಟರಲ್ಲಿ ನಾನು ನಿವೃತ್ತನಾಗಿದ್ದೆ, ಪ್ರಶ್ನೆ ಕೇಳಿದ ಹುಡುಗನೂ ನೌಕರಿಗೆ ಸೇರಿರಬೇಕು.