ರಾಯಚೂರು ಯುದ್ಧ ಮತ್ತು ಕಂಪ್ಯೂಟರ್ ಮ್ಯಾನೇಜರ್

ಸಿಂಧನೂರು, ಮಸ್ಕಿ, ಲಿಂಗಸುಗೂರು ಅಂದ್ರೆ ಬೆಂಗಳೂರಿನ ಗೆಳೆಯರಿಗೆ ನೆನಪಾಗೋದು ಬಿಸಿಲು, ಭತ್ತ ಎರಡೇ. ಆದರೆ ಕೃಷ್ಣಾ-ತುಂಗಭದ್ರೆಯರ ನಡುವಿನ ನಮ್ಮ ಈ ನೆಲಕ್ಕಾಗಿ ವಿಜಯನಗರದವರೂ ಬಹಮನಿ, ಬಿಜಾಪುರದ ಸುಲ್ತಾನರೂ ಸುಮಾರು ಇನ್ನೂರು ವರ್ಷ ಬಡಿದಾಡಿದ್ದಾರೆ. ಲಿಂಗಸುಗೂರು ತಾಲೂಕಿನ ಮುದಗಲ್ ಕೋಟೆ ಎಷ್ಟು ಸಲ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತೋ! ಆ ಯುದ್ಧಗಳಲ್ಲಿ 1520ರ ರಾಯಚೂರು ಯುದ್ಧ, ಕೋಡ್ ಬರೆದು ಹೊಟ್ಟೆ ಹೊರೆಯುವ ನನ್ನಂಥವನಿಗೆ ಬೇರೆಯದೇ ಕಾರಣಕ್ಕೆ ಇಷ್ಟ.

ಮೊದಲು ಸ್ವಲ್ಪ ಅಮೆರಿಕಕ್ಕೆ ಹೋಗಿ ಬರೋಣ. ಬೇಸ್‌ಬಾಲನ್ನು ಕಂಪ್ಯೂಟರಿನಲ್ಲಿ ಆಡಿಸುವ ಪ್ರಯತ್ನ 1961ರಷ್ಟು ಹಳೆಯದು. ಜಾನ್ ಬರ್ಜಸನ್ ಎಂಬಾತ ಐಬಿಎಂ 1620 ಯಂತ್ರಕ್ಕೆ ಬರೆದ ಪ್ರೋಗ್ರಾಂ, ಆಟಗಾರರ ಅಂಕಿಅಂಶ ಮತ್ತು ರ‍್ಯಾಂಡಮ್ ಸಂಖ್ಯೆಗಳಿಂದ ಪಂದ್ಯ ನಡೆಸುತ್ತಿತ್ತು. 1987ರ 'ಅರ್ಲ್ ವೀವರ್ ಬೇಸ್‌ಬಾಲ್' ಇನ್ನೂ ಮುಂದೆ ಹೋಯಿತು. ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಮ್ಯಾನೇಜರ್ ಆಗಿದ್ದ ವೀವರನನ್ನೇ ಕೂರಿಸಿಕೊಂಡು, ಯಾವ ಪರಿಸ್ಥಿತಿಯಲ್ಲಿ ಏನು ಮಾಡ್ತೀರಿ ಅಂತ ಕೇಳಿ, ಉತ್ತರಗಳನ್ನು ನಿಯಮಗಳಾಗಿ ಕೋಡಿಗೆ ಇಳಿಸಿದರು. ದಣಿದ ಪಿಚರನನ್ನು ಯಾವಾಗ ಬದಲಿಸಬೇಕು, ಯಾರೆದುರು ಯಾರನ್ನು ಬ್ಯಾಟಿಗೆ ಕಳಿಸಬೇಕು ಇತ್ಯಾದಿ. ನಮ್ಮ ಕ್ರಿಕೆಟ್ ಕ್ಯಾಪ್ಟನ್ ಕೊನೆಯ ಓವರುಗಳಿಗೆ ಒಳ್ಳೇ ಬೌಲರನ್ನು ಉಳಿಸಿಕೊಳ್ಳುತ್ತಾನಲ್ಲ, ಅದೇ ಲೆಕ್ಕ.

ಈಗ ರಾಯಚೂರಿಗೆ ಬನ್ನಿ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿರುವಂತೆ, ಇಸ್ಮಾಯಿಲ್ ಆದಿಲ್ ಶಾ ತನ್ನ ಫಿರಂಗಿಗಳನ್ನೆಲ್ಲ ಒಟ್ಟಿಗೇ ಹಾರಿಸಿಬಿಟ್ಟ! ವಿಜಯನಗರದ ಮುಂಚೂಣಿ ದಿಕ್ಕಾಪಾಲಾಯಿತು. ಕೃಷ್ಣದೇವರಾಯ ಎರಡನೇ ಸಾಲಿನೊಂದಿಗೆ ನುಗ್ಗುವ ಮುನ್ನ ಬೆರಳಿನ ಉಂಗುರ ತೆಗೆದು ಸೇವಕನಿಗೆ ಕೊಟ್ಟನಂತೆ, ತಾನು ಸತ್ತರೆ ರಾಣಿಯರಿಗೆ ತೋರಿಸಲು. ಬಿಜಾಪುರದ ಸೈನ್ಯ ಕೃಷ್ಣಾ ನದಿಯವರೆಗೂ ಓಡಿತು. ಆಮೇಲೆ ರಾಯಚೂರು ಕೋಟೆಯೂ ರಾಯನ ವಶವಾಯಿತು.

ಇದರಲ್ಲಿ ಅರ್ಧ ಭಾಗ ಕಂಪ್ಯೂಟರ್ ಮ್ಯಾನೇಜರನಿಗೂ ಹೊಳೆಯುತ್ತೆ ಅನ್ನೋದು ನನ್ನ ಲೆಕ್ಕಾಚಾರ. ಎದುರಾಳಿ ಇದ್ದದ್ದನ್ನೆಲ್ಲ ಒಂದೇ ಸಲ ಖರ್ಚು ಮಾಡಿದ್ದಾನೆ, ಆ ಕಾಲದ ಫಿರಂಗಿಗೆ ಮತ್ತೆ ಮದ್ದು ತುಂಬಲು ಹೊತ್ತು ಬೇಕು, ನಮ್ಮ ಎರಡನೇ ಸಾಲು ಹಾಗೇ ಇದೆ, ಹಾಗಾದರೆ ನುಗ್ಗು. ನಾಲ್ಕು ಸಾಲಿನ ಕೋಡ್ ಅಷ್ಟೇ.

ಉಳಿದರ್ಧ? ವೀವರನ ತಂಡಕ್ಕೆ ವರ್ಷಕ್ಕೆ 162 ಪಂದ್ಯ. ಸರಿಯಾದ ನಿರ್ಧಾರ ಇವತ್ತು ಕೈಕೊಟ್ಟರೂ, ಸರಾಸರಿ ಮುಂದೊಂದು ದಿನ ಕೈಹಿಡಿಯುತ್ತೆ. ರಾಯನಿಗೆ ಇದ್ದದ್ದು ಒಂದೇ ಪಂದ್ಯ, ಸೋತರೆ ಮರುದಿನವಿಲ್ಲ. ಅದು ಗೊತ್ತಿದ್ದೇ ಉಂಗುರ ಕೊಟ್ಟ. ಆ ಉಂಗುರಕ್ಕೆ ಪ್ರೋಗ್ರಾಮಿನಲ್ಲಿ ಯಾವ ವೇರಿಯಬಲ್ ಇಡೋದು? ನೀವೇ ಹೇಳಿ.